ಬಿದ್ದ ಕಾಯಿ ಆಯುವವರು

ಈ ಬರಹದಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಫಿಲಿಪೀನ್ಸಿನಲ್ಲಿ ನನಗೆ ಅಡುಗೆ ಮಾಡಿ ಹಾಕಿದ ಮನಾಂಗ್ ಲೂಸ್ ಅವರ ಅಡುಗೆಮನೆಯ ಸೂರು ತಗಡಿನದೆಂದು ನನ್ನ ನೆನಪು. ಡೈರಿಯಲ್ಲಿ ನೋಡಿದರೆ ‘ಗರಿ ಹೊದಿಸಿದ ಅಡುಗೆಮನೆ, ಒಳಗೆ ತಂಪು’ ಎಂದು ನನ್ನದೇ ಅಕ್ಷರದಲ್ಲಿದೆ. ಡೈರಿಯನ್ನೇ ನಂಬೋಣವೆಂದರೆ ಅದನ್ನು ಬರೆದವಳೂ ನಾನೇ, ಅದೂ ದಿನವಿಡೀ ಮಾತಾಡಿ ದಣಿದ ಮೇಲೆ. ಎಂ.ಎ. ಓದುವಾಗಿನಿಂದ ಡೈರಿ ಬರೆಯುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಅದು ಕಲಿಸಿದ್ದೆಂದರೆ, ಚೆನ್ನಾಗಿ ನೆನಪಿದೆ ಎನಿಸುವುದನ್ನೇ ಮೊದಲು ಅನುಮಾನಿಸಬೇಕು ಎನ್ನುವುದು. ಹಾಗಾಗಿ ಸೂರಿನ ವಿಷಯ ಬಿಡಿ. ಆ ಸೂರಿನ ಕೆಳಗೆ ನನ್ನನ್ನು ಕೇಳಿದ ಒಂದು ಪ್ರಶ್ನೆಯ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಕೆ.ಬಿ. ಕ್ರಾಸ್

ಹೊರಡುವ ದಿನ ಬೆಳಿಗ್ಗೆ ಶೆಟ್ಟಿಕೆರೆಯಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿ, ಅಲ್ಲಿರುವ ಅತ್ತೆಗೆ ಹೇಳಿಬಂದೆ. ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಆಮೇಲೆ ಎಲ್ಲಿಗೂ ಹೋಗಲಿಲ್ಲ. ನಮ್ಮನ್ನೆಲ್ಲ ಎತ್ತಿ ಆಡಿಸಿದವರು. ಈಗ ತಮ್ಮನ ಮೊಮ್ಮಗಳನ್ನು ಬೈದು ಶಾಲೆಗೆ ಕಳಿಸುತ್ತಾರೆ, ಉಳಿದ ಹೊತ್ತು ತೆಂಗಿನ ಗರಿ ಹೆರೆದು ಕಡ್ಡಿ ಪೊರಕೆ ಕಟ್ಟುತ್ತಾರೆ.

ನಾನು ಕೈಚೀಲ ಹೆಗಲಿಗೆ ಹಾಕಿಕೊಳ್ಳುವಷ್ಟರಲ್ಲಿ ಅತ್ತೆ ಅಟ್ಟದ ಕೊಬ್ಬರಿ ನಾಲ್ಕು ತಂದು ಅದರೊಳಗೆ ತುರುಕಿದರು.

“ಅತ್ತೆ, ಅದು ತೆಂಗಿನ ಸೀಮೆ. ಅಲ್ಲೂ ಬರೀ ತೆಂಗೇ.”

“ತೆಂಗಿದ್ರೆ ಕೊಬ್ರಿ ಆಗೋಯ್ತಾ? ನಮ್ಮಂಗೆ ಉಂಡೆ ಕೊಬ್ರಿ ಅವ್ರಿಗೆಲ್ಲಿ ಬತ್ತದೆ ಕಣೇ? ಬರಿಗೈಲಿ ಹೋಗ್ಬಾರ್ದು, ತಗಂಡೋಗು.”

ಕೆ.ಬಿ. ಕ್ರಾಸಿನಲ್ಲಿ ಬೆಂಗಳೂರಿನ ಬಸ್ಸಿಗೆ ಕಾಯುತ್ತ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆ. ಅಂಗಡಿಯವರಿಗೆ ನನ್ನ ಮುಖ ಪರಿಚಯವಿದೆ. ವರ್ಷಕ್ಕೆ ಐದಾರು ಸಲ ದೊಡ್ಡ ಪೆಟ್ಟಿಗೆ ಎಳೆದುಕೊಂಡು ಅಲ್ಲಿ ಇಳಿಯುತ್ತೇನೆ, ಹತ್ತುತ್ತೇನೆ.

“ಈ ಸಲ ಎಲ್ಲಿಗೆ ಕಣಮ್ಮ?”

“ಫಿಲಿಪೀನ್ಸ್. ಮಿಂಡನಾವ್ ಅಂತ ಒಂದು ದ್ವೀಪ.”

“ಏನ್ ಕೆಲ್ಸ ಅಂದ್ರಿ ನಿಮ್ದು? ಹೋದ್ಸಲ ಹೇಳಿದ್ರಿ, ಮರ್ತೋಯ್ತು.”

ಮರೆಯುವುದು ಅವರ ತಪ್ಪಲ್ಲ. ನನ್ನ ಕೆಲಸಕ್ಕೆ ಕಚೇರಿಯಿಲ್ಲ, ಬೋರ್ಡಿಲ್ಲ. ತಿಪಟೂರಿನ ಮನೆಯ ಕಿಟಕಿ ಪಕ್ಕದ ಮೇಜೇ ಕಚೇರಿ. ಶಾಂತಿ ಮತ್ತು ಭದ್ರತೆಯ ಕ್ಷೇತ್ರದಲ್ಲಿ ಸ್ವತಂತ್ರ ತರಬೇತುದಾರಳು, ಸಲಹೆಗಾರಳು ಎಂದು ಕಾಗದದಲ್ಲಿ ಬರೆದುಕೊಳ್ಳುತ್ತೇನೆ. ಯಾವುದಾದರೂ ಸಂಸ್ಥೆ ಕರೆದರೆ ನಾಲ್ಕು ದಿನಕ್ಕೋ ವಾರಕ್ಕೋ ಹೋಗುತ್ತೇನೆ. ಜಗಳವಾಡುವ ಎರಡು ಕಡೆಯವರ ನಡುವೆ ಕೂರುವುದು ಹೇಗೆ, ಕೇಳುವುದು ಹೇಗೆ, ಮಾತು ಕತ್ತಿಗೆ ಹೋಗುವ ಮೊದಲು ಹಿಡಿಯುವುದು ಹೇಗೆ ಎಂದು ಅಲ್ಲಿಯ ಜನಕ್ಕೆ ಹೇಳಿಕೊಡುತ್ತೇನೆ. ಇದನ್ನೇ ಅಂಗಡಿಯವರಿಗೆ ಚಿಕ್ಕದಾಗಿ ಹೇಳಿದೆ.

ಅವರು ಟೀ ಸೋಸುವುದನ್ನು ನಿಲ್ಲಿಸಿದರು. “ನಮ್ ತ್ವಾಟದ ಬದಿನ ಜಗಳ ಹನ್ನೆರಡು ವರ್ಷದಿಂದ ಅದೆ. ಅದ ಬುಟ್ಟು ಅಲ್ಲಿಗ್ಯಾಕೆ ಹೋಗ್ತೀರಿ?”

“ನೀವು ಕರೀಲಿಲ್ವಲ್ಲ.”

“ಕರುದ್ರೆ ಬಂದು ನ್ಯಾಯ ಹೇಳ್ತೀರಾ?”

“ನಾನು ಹೇಳಲ್ಲ. ನೀವೇ ಹೇಳ್ಕೊಳ್ಳೋ ಹಂಗೆ ಮಾಡ್ತೀನಿ.”

“ಅಷ್ಟುಕ್ಕೆ ಏರೋಪ್ಲೇನ್ ಹತ್ಬೇಕಾ?” ಎಂದರು ಅವರು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಬಸ್ಸು ಬಂತು.

ವಿಮಾನ ನಿಲ್ದಾಣ

ತಪಾಸಣೆಯ ಯಂತ್ರದೊಳಗೆ ಹೋದ ನನ್ನ ಕೈಚೀಲ ಈಚೆ ಬರಲಿಲ್ಲ. ಅಧಿಕಾರಿ ಅದನ್ನು ಪಕ್ಕಕ್ಕೆಳೆದು ನಾಲ್ಕು ಗುಂಡನೆಯ ವಸ್ತುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು.

“ಏನ್ ಮೇಡಂ ಇದು?”

“ಕೊಬ್ಬರಿ.”

“ಕೊಬ್ಬರಿ ಅಂತ ನಂಗೂ ಗೊತ್ತು. ಕೈಚೀಲದಲ್ಲಿ ತಗೊಂಡು ಹೋಗೋ ಹಾಗಿಲ್ಲ. ಎಣ್ಣೆ ಪದಾರ್ಥ, ಬೆಂಕಿ ಹತ್ತತ್ತೆ.”

“ನಮ್ಮೂರಲ್ಲಿ ಅಟ್ಟದ ತುಂಬ ಇದೇ ಇರತ್ತೆ. ಕೆಳಗೇ ಒಲೆ ಉರೀತಿರತ್ತೆ. ಏನೂ ಆಗಿಲ್ಲ.”

“ನಿಮ್ಮ ಅಟ್ಟ ಹಾರಲ್ವಲ್ಲ ಮೇಡಂ.”

ಹಿಂದೆ ನಿಂತವರ ಸಾಲು ಬೆಳೆಯುತ್ತಿತ್ತು. ಏನು ಕೆಲಸ ಎಂದು ಅವರು ಕೇಳಿದರು. ಭದ್ರತೆಯ ವಿಷಯದಲ್ಲಿ ಪಾಠ ಮಾಡಲು ಹೋಗುತ್ತಿದ್ದೇನೆ ಎಂದೆ. ಅವರು ಕೊಬ್ಬರಿ ನೋಡಿದರು, ನನ್ನನ್ನು ನೋಡಿದರು, ಒಳ್ಳೆಯವರಾದ್ದರಿಂದ ಏನೂ ಹೇಳಲಿಲ್ಲ. ದೊಡ್ಡ ಪೆಟ್ಟಿಗೆ ಆಗಲೇ ಒಳಗೆ ಹೋಗಿತ್ತು. ನಾಲ್ಕೂ ಕೊಬ್ಬರಿ ಅವರ ಡಬ್ಬಕ್ಕೆ ಬಿದ್ದವು. ಒಂದು ಡಬ್ಬದೊಳಗೆ ಉರುಳಿ ಮೂಲೆಗೆ ಹೋಗಿ ಕೂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅದು ಉರುಳಿತೋ ಇಲ್ಲವೋ ದೇವರೇ ಬಲ್ಲ.

ತೆಂಗಿನ ಸೀಮೆಯಿಂದ ತೆಂಗಿನ ಸೀಮೆಗೆ ತೆಂಗು ಹೊತ್ತು ಹೊರಡುವ ಬುದ್ಧಿ ನಮ್ಮ ಕಡೆಯವರಿಗಲ್ಲದೆ ಇನ್ಯಾರಿಗೆ ಬರುತ್ತದೆ? ಆದರೆ ಬರಿಗೈಯಾದ ಮೇಲೆ ಅತ್ತೆಯ ಮಾತೇ ಸರಿ ಅನ್ನಿಸಿತು.

ಹಳ್ಳದ ಊರು

ಎರಡು ವಿಮಾನ, ಒಂದು ಜೀಪು ದಾಟಿ ಸೇರಿದ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿಯ ಜಗಳ ಅಲ್ಲಿಯವರದು. ಊರಿನ ನಡುವೆ ಹಳ್ಳವಿದೆ. ಆಚೆ ದಂಡೆಯಲ್ಲಿ ಕ್ರೈಸ್ತರ ಕೇರಿ, ಈಚೆ ದಂಡೆಯಲ್ಲಿ ಮುಸ್ಲಿಮರ ಕೇರಿ. ಎರಡು ವರ್ಷದ ಹಿಂದೆ ಪ್ರವಾಹ ಬಂದಾಗ ಹಳ್ಳ ದಾರಿ ಬದಲಿಸಿತು. ಆಚೆಯಿದ್ದ ಒಂದು ಪಟ್ಟಿ ತೆಂಗಿನ ತೋಟ ಈಚೆಗೆ ಬಂತು. ಹಳ್ಳವೇ ಗಡಿ, ಆದ್ದರಿಂದ ಈಗ ನಮ್ಮದು ಎಂದು ಈಚೆಯವರು. ನೆಟ್ಟವರು ನಮ್ಮ ತಾತಂದಿರು ಎಂದು ಆಚೆಯವರು. ಒಂದು ದಿನ ಮಚ್ಚು ಮೇಲೆದ್ದು ಒಬ್ಬನ ಎರಡು ಬೆರಳು ಹೋದವು. ಅಂದಿನಿಂದ ಗಂಡಸರು ಯಾರೂ ಆ ಪಟ್ಟಿಗೆ ಕಾಲಿಡುವುದಿಲ್ಲ. ಎರಡೂ ಕಡೆಯ ಹದಿನಾರು ಜನ ಒಂದೇ ಕೋಣೆಯಲ್ಲಿ ಕೂರಲು ಒಪ್ಪಿದ್ದರಿಂದ ಸ್ಥಳೀಯ ಸಂಸ್ಥೆಯೊಂದು ನನ್ನನ್ನು ನಾಲ್ಕು ದಿನಕ್ಕೆ ಕರೆಸಿತ್ತು.

ನನ್ನ ಮಾತನ್ನು ಅವರ ಭಾಷೆಗೆ, ಅವರದನ್ನು ಇಂಗ್ಲಿಷಿಗೆ ದಾಟಿಸುತ್ತಿದ್ದವಳು ಅಮೀನಾ. ಮೂವತ್ತರ ಒಳಗಿನವಳು, ಈಚೆ ದಂಡೆಯವಳು, ಎಲ್ಲರಿಗಿಂತ ಬೇಗ ನಗುವವಳು. ಅಡುಗೆ ಮನಾಂಗ್ ಲೂಸ್ ಅವರದು. ‘ಮನಾಂಗ್’ ಎಂದರೆ ನಮ್ಮ ‘ಅಕ್ಕ’ ಇದ್ದ ಹಾಗೆ. ಅವರು ಆಚೆ ದಂಡೆಯವರು, ಅತ್ತೆಯ ವಾರಗೆಯವರು, ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು.

ಅಲ್ಲಿಯ ಜನರಿಗೆ ಬೆರಳು ತೋರಿಸುವುದು ಮರ್ಯಾದೆಯಲ್ಲ. ತುಟಿ ಮುಂದೆ ಮಾಡಿ ದಿಕ್ಕು ತೋರಿಸುತ್ತಾರೆ. ಬಚ್ಚಲು ಎಲ್ಲಿ ಎಂದು ಕೇಳಿದಾಗ ಹಿರಿಯರೊಬ್ಬರು ನನ್ನತ್ತ ತುಟಿ ಮುಂದೆ ಮಾಡಿದರು, ನಾನು ಗಾಬರಿಯಾದೆ. ‘ಹೌದು’ ಎನ್ನಲು ಹುಬ್ಬು ಮೇಲೆತ್ತುತ್ತಾರೆ, ಬಾಯಿ ತೆರೆಯುವುದಿಲ್ಲ. ಇದು ಗೊತ್ತಿಲ್ಲದೆ ಮೊದಲ ಬೆಳಿಗ್ಗೆ “ಅರ್ಥವಾಯಿತಾ?” ಎಂದು ಕೇಳಿದೆ. ಹದಿನಾರು ಜನರೂ ಆಶ್ಚರ್ಯಪಟ್ಟವರಂತೆ ಹುಬ್ಬೇರಿಸಿ ಸುಮ್ಮನೆ ಕೂತರು. ಅರ್ಥವಾಗಿಲ್ಲವೆಂದು ಮತ್ತೆ ವಿವರಿಸಿದೆ. ಮತ್ತೆ ಹುಬ್ಬು. ಮೂರನೆಯ ಸಲಕ್ಕೆ ಅಮೀನಾ ನನ್ನ ಸೆರಗು ಎಳೆದು, “ಮೊದಲ ಸಲವೇ ಎಲ್ಲರೂ ಹೌದು ಅಂದಾಯಿತು” ಎಂದು ಪಿಸುಗುಟ್ಟಿದಳು. ಆಮೇಲೆ ತಿಳಿಯಿತು, ನಾನು ನಮ್ಮ ಕಡೆಯವರ ಹಾಗೆ ತಲೆಯನ್ನು ಆಚೆ ಈಚೆ ಆಡಿಸುವುದನ್ನು ಅವರು ‘ಇಲ್ಲ’ ಎಂದುಕೊಂಡು, ಈಯಮ್ಮನಿಗೆ ನಾವು ಹೇಳುವುದೊಂದೂ ಸರಿ ಕಾಣುವುದಿಲ್ಲ ಎಂದು ಬೇಜಾರು ಮಾಡಿಕೊಂಡಿದ್ದರಂತೆ.

ನಾನು ಮಾಂಸ ತಿನ್ನುವುದಿಲ್ಲ ಎಂದು ಮೊದಲೇ ತಿಳಿಸಿದ್ದೆ. ಮನಾಂಗ್ ಲೂಸ್ ಬರೀ ಸೊಪ್ಪಿನ ಪಲ್ಯ ಬಡಿಸಿದರು. ಅದರಲ್ಲಿ ಸಾಸಿವೆಯಂತೆ ಕಂಡದ್ದಕ್ಕೆ ಕಣ್ಣಿತ್ತು. ಒಣ ಸಿಗಡಿ. ನಾನು ತಟ್ಟೆಯತ್ತ ನೋಡುವುದನ್ನು ನೋಡಿ ಅವರು, “ಅದು ಮಾಂಸ ಅಲ್ಲ, ರುಚಿಗೆ” ಎಂದರು. ಮರುದಿನದಿಂದ ಎಳೆ ಹಲಸಿನಕಾಯಿಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ನನಗೆಂದೇ ಮುಚ್ಚಿಡತೊಡಗಿದರು. ಅದನ್ನು ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ.

ಎರಡನೆಯ ಸಂಜೆ ಅತ್ತೆ ಫೋನ್ ಮಾಡಿದರು.

“ಕೊಬ್ರಿ ಕೊಟ್ಯಾ?”

“ಕೊಟ್ಟೆ ಅತ್ತೆ.”

“ಏನಂದ್ರು?”

“ಚೆನ್ನಾಗದೆ ಅಂದ್ರು.”

“ನಾನ್ ಹೇಳ್ಲಿಲ್ವಾ?”

ಬೆಳಿಗ್ಗೆಯಷ್ಟೇ ನಿಜ ಹೇಳುವುದರಿಂದಲೇ ನಂಬಿಕೆ ಹುಟ್ಟುತ್ತದೆ ಎಂದು ಹದಿನಾರು ಜನಕ್ಕೆ ಹೇಳಿಬಂದಿದ್ದೆ.

ಮೊದಲ ದಿನ: ಬದುವಿನ ಮರ

ತರಬೇತಿ ಯಾವ ದೇಶದಲ್ಲಿದ್ದರೂ ನಾನು ಮೊದಲ ದಿನ ಹೇಳುವುದು ಒಂದೇ ಕಥೆ. ನಮ್ಮ ಮನೆಯದು. ಅದನ್ನು ಹೇಳಿದ ಮೇಲೆಯೇ ಜನ ನನ್ನನ್ನು ನಂಬುತ್ತಾರೆ. ಈಯಮ್ಮ ಪುಸ್ತಕ ಓದಿ ಬಂದವಳಲ್ಲ, ಜಗಳದ ಮನೆಯಲ್ಲಿ ಬೆಳೆದವಳು ಎಂದು ಹತ್ತಿರವಾಗುತ್ತಾರೆ. ಇಷ್ಟು ವರ್ಷ ನನ್ನ ಕೆಲಸ ನಿಂತಿರುವುದು ಆ ಕಥೆಯ ಮೇಲೆ ಎಂದರೂ ತಪ್ಪಿಲ್ಲ.

ನನಗೆ ಎಂಟೋ ಒಂಬತ್ತೋ ವರ್ಷ. ಅಪ್ಪ, ದೊಡ್ಡಪ್ಪ ಭಾಗವಾದರು. ತೋಟದ ನಡುವೆ ಹೊಸ ಬದು ಬಿತ್ತು. ಹಾಕಿದ ಬದುವಿನ ನಟ್ಟನಡುವೆ ಒಂದು ತೆಂಗಿನ ಮರ ಬಂತು. ಬುಡ ಅವರ ಕಡೆಗೆ, ತಲೆ ನಮ್ಮ ಕಡೆಗೆ. ಬಲಿತು ಬಿದ್ದ ಕಾಯಿ ಯಾರದು? ಮೊದಲು ಮಾತು ನಿಂತಿತು, ಆಮೇಲೆ ಕೊಡುಕೊಳ್ಳುವುದು ನಿಂತಿತು. ಒಂದು ದಿನ ದೊಡ್ಡಪ್ಪ ಮಚ್ಚು ಹಿಡಿದು ಬದುವಿನ ಮೇಲೆ ನಿಂತರು. ಆಗ ಅಜ್ಜಿ ಇಬ್ಬರನ್ನೂ ಆ ಮರದ ಕೆಳಗೆ ಕೂರಿಸಿ ಹೇಳಿದಳು: “ಇವತ್ತಿಂದ ಈ ಮರದ ಕಾಯಿ ನಿಂಗೂ ಇಲ್ಲ, ಅವನ್ಗೂ ಇಲ್ಲ. ಎಳನೀರಾದಾಗ್ಲೇ ಕಿತ್ತು ದಾರೀಲಿ ಬಾಯಾರಿದೋರ್ಗೆ ಕೊಡ್ರಿ.” ಹಾಗೇ ಆಯಿತು. ಆ ವರ್ಷದ ಹಬ್ಬಕ್ಕೆ ಅಣ್ಣತಮ್ಮ ಒಂದೇ ಪಂಕ್ತಿಯಲ್ಲಿ ಕೂತು ಉಂಡರು.

ಇಷ್ಟೇ ಕಥೆ. ಅಜ್ಜಿ, ಅಪ್ಪ, ದೊಡ್ಡಪ್ಪ ಮೂವರೂ ಈಗಿಲ್ಲ. ನಾನು ಆ ದಿನ ಮರದ ಹತ್ತಿರವಿದ್ದೆನೋ, ಆಮೇಲೆ ಅಪ್ಪನ ಬಾಯಲ್ಲಿ ಕೇಳಿದೆನೋ ಗೊತ್ತಿಲ್ಲ. ಹೇಳಿ ಹೇಳಿ ಮರ ಕೊಂಚ ಎತ್ತರವಾಗಿದೆ, ಮಚ್ಚು ಕೊಂಚ ಉದ್ದವಾಗಿದೆ ಎಂಬ ಸಂಶಯವೂ ಇದೆ. ಆದರೆ ಆ ಕೋಣೆಯಲ್ಲಿ ಹದಿನಾರು ಜೊತೆ ಹುಬ್ಬು ಮೇಲೇರಿದವು. ಈ ಸಲ ನನಗೆ ಅರ್ಥವಾಯಿತು.

ಚಹಾ ವೇಳೆಗೆ ಮಾತು ತೆಂಗಿಗೆ ತಿರುಗಿತು. ಅವರು ಕಾಯಿ ಕಿತ್ತ ಕೂಡಲೇ ಸೀಳಿ, ಹೊಗೆಯ ಗುಂಡಿಯ ಮೇಲೆ ಒಣಗಿಸಿ ನಾಲ್ಕೈದು ದಿನದಲ್ಲಿ ಕೊಬ್ಬರಿ ಮಾಡುತ್ತಾರೆ. ನಾವು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷಗಟ್ಟಲೆ ಒಡೆಯದೆ ಬಿಡುತ್ತೇವೆ ಎಂದರೆ ಯಾರೂ ನಂಬಲಿಲ್ಲ.

“ಒಳಗೆ ಕೊಳೆತಿಲ್ಲ ಅಂತ ಹೇಗೆ ಗೊತ್ತಾಗುತ್ತೆ?” ಬಾಗಿಲ ಬಳಿ ಲೋಟ ಹಿಡಿದು ನಿಂತಿದ್ದ ಮನಾಂಗ್ ಲೂಸ್ ಕೇಳಿದರು.

“ಅಲ್ಲಾಡಿಸಿ ಕೇಳ್ತೀವಿ. ನೀರು ಇಂಗಿದ್ರೆ ಒಳಗೆ ಉಂಡೆ ಗಡಗಡ ಅನ್ನತ್ತೆ.”

“ಏನೂ ಸದ್ದು ಬರದೇ ಇದ್ರೆ?”

“ಆಗ ಹೇಳೋಕೆ ಆಗಲ್ಲ. ಕೊಳೆತಿರಬಹುದು. ಇಲ್ಲ, ಉಂಡೆ ಇನ್ನೂ ಚಿಪ್ಪು ಬಿಟ್ಟಿರಲಿಕ್ಕಿಲ್ಲ.”

ನಾಲ್ಕು ಕೊಬ್ಬರಿ ಜೊತೆಗಿದ್ದಿದ್ದರೆ ಎಂದು ಆಗ ಅನ್ನಿಸಿತು.

ಮೂರನೆಯ ದಿನ

ಜಗಳದ ನಕ್ಷೆ ಬರೆಸುವುದು ನಾವು ಮಾಡಿಸುವ ಒಂದು ಅಭ್ಯಾಸ. ದೊಡ್ಡ ಹಾಳೆಯ ಮೇಲೆ ಯಾರ್ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ, ಯಾರ ಬೆನ್ನಿಗೆ ಯಾರಿದ್ದಾರೆ ಎಂದು ಗೆರೆ ಎಳೆಯಬೇಕು. ಮೂರನೆಯ ಬೆಳಿಗ್ಗೆ ಎರಡೂ ಕಡೆಯವರು ಸೇರಿ ಒಂದೇ ನಕ್ಷೆ ಬರೆದರು. ನೀಲಿ ಟೋಪಿ ಹಾಕಿದ್ದ ಆಚೆ ದಂಡೆಯ ಹಿರಿಯರು ಎದ್ದು ನಿಂತು, ನಮ್ಮಲ್ಲೊಂದು ಮಾತಾಗಿದೆ ಎಂದರು. ಪಟ್ಟಿಯ ಮರ ಅವರಿಗೂ ಬೇಡ, ಇವರಿಗೂ ಬೇಡ. ಒಳಗೆ ಯಾರೂ ಹೋಗದಂತೆ ಬೇಲಿ ಹಾಕಿ, ಫಲವನ್ನೆಲ್ಲ ವರ್ಷಕ್ಕೊಮ್ಮೆ ಶಾಲೆಯ ಊಟಕ್ಕೆ ಕೊಡೋಣ. “ನಿಮ್ಮ ಅಜ್ಜಿ ಹೇಳಿದ ಹಾಗೆ” ಎಂದು ನನ್ನತ್ತ ತುಟಿ ಮುಂದೆ ಮಾಡಿದರು.

ಚಪ್ಪಾಳೆ ಬಿತ್ತು. ಸಂಸ್ಥೆಯವರು ಸಂಜೆಯೊಳಗೆ ಸಹಿಯಾಗಲಿ, ಒಂದು ಫೋಟೋ ಆಗಲಿ ಎಂದರು. ನನ್ನ ಮನಸ್ಸು ಆಗಲೇ ವರದಿಯ ಮೊದಲ ಸಾಲು ಬರೆಯುತ್ತಿತ್ತು. ಆ ಖುಷಿಯನ್ನು ಈಗ ನೆನೆಯಲು ನಾಚಿಕೆಯಾದರೂ ಖುಷಿಯಾದದ್ದು ನಿಜ.

ಮನಾಂಗ್ ಲೂಸ್ ಬೇಯಿಸಿದ ಬಾಳೆಹಣ್ಣಿನ ತಟ್ಟೆ ತಂದಿದ್ದರು. ಅವರು ತಟ್ಟೆ ಇಟ್ಟು, ನಕ್ಷೆ ನೋಡಿ, ಅಮೀನಾಳಿಗೆ ಏನೋ ಹೇಳಿದರು. ಅಮೀನಾ ಅದನ್ನು ದಾಟಿಸಲಿಲ್ಲ.

“ಏನಂದರು?”

“ಅಡುಗೆಯವರು ಏನೋ...”

“ಹೇಳು.”

ಅಮೀನಾ ಇಂಗ್ಲಿಷಿನಲ್ಲೇ ಹೇಳಿದ್ದು. ಆದರೆ ನನ್ನ ಕಿವಿಯಲ್ಲಿ ಅದು ಉಳಿದಿರುವುದು ಅತ್ತೆಯ ಕನ್ನಡದಲ್ಲಿ, ಹಾಗೇ ಬರೆಯುತ್ತೇನೆ: “ಬೇಲಿ ಹಾಕ್ತೀವಿ ಅಂತೀರಲ್ಲ, ಒಳಗೆ ಕಾಯಿ ಆಯ್ತಾ ಅವ್ರಲ್ಲ ಹೆಂಗಸ್ರು, ಅವ್ರಿಗೆ ಯಾರ್ ಹೇಳ್ತೀರಿ?”

ಯಾವ ಹೆಂಗಸರು ಎಂದು ನಾನು ಕೇಳಿದೆ. ಕೋಣೆಯಲ್ಲಿ ಯಾರಿಗೂ ಅದು ಹೊಸ ವಿಷಯವಾಗಿರಲಿಲ್ಲ. ಗಂಡಸರು ಪಟ್ಟಿಗೆ ಕಾಲಿಡುವುದನ್ನು ಬಿಟ್ಟ ಮೇಲೆ ಬಿದ್ದ ಕಾಯಿ ಆಯಲು ಹೆಂಗಸರು ಹೋಗುತ್ತಿದ್ದರು. ಎರಡೂ ದಂಡೆಯ ಒಂಬತ್ತು ಜನ, ಹೆಚ್ಚಿನವರು ಗಂಡನಿಲ್ಲದವರು. ಒಂದೇ ಹೊಗೆಗುಂಡಿಯಲ್ಲಿ ಸರದಿಯ ಮೇಲೆ ಒಣಗಿಸಿಕೊಳ್ಳುತ್ತಿದ್ದರು. ಮನಾಂಗ್ ಲೂಸ್ ಅವರ ತಂಗಿ ಅವರಲ್ಲೊಬ್ಬಳು. ಅವಳ ಮನೆಯ ಒಲೆ ಉರಿಯುವುದು ಅದರಿಂದಲೇ.

“ಇದನ್ನ ಮೂರು ದಿನದಿಂದ ಯಾಕೆ ಯಾರೂ ಹೇಳಲಿಲ್ಲ?” ಎಂದೆ.

ನೀಲಿ ಟೋಪಿಯವರಿಗೆ ನಿಜಕ್ಕೂ ಆಶ್ಚರ್ಯವಾಯಿತು. “ನೀವು ಜಗಳ ಆಡ್ತಿರೋರನ್ನ ಬರೀರಿ ಅಂದ್ರಿ. ಅವರು ಜಗಳ ಆಡ್ತಿಲ್ಲವಲ್ಲ?”

ನಾನು ಹಾಳೆಯನ್ನು ನೋಡಿದೆ. ಊರಲ್ಲಿ ಎರಡು ವರ್ಷದಿಂದ ಸರಿಯಾಗಿ ನಡೆಯುತ್ತಿದ್ದ ಒಂದೇ ಒಂದು ಏರ್ಪಾಡು ಆ ನಕ್ಷೆಯಲ್ಲಿರಲಿಲ್ಲ. ಬರೆಸಿದವಳು ನಾನು. ಬೇಲಿ ಹಾಕಲು ಹೇಳಿಕೊಟ್ಟದ್ದು ನನ್ನ ಕಥೆ. ಸಹಿಯಾದರೆ ಒಂಬತ್ತು ಮನೆಯ ಒಲೆ ಆರುತ್ತಿತ್ತು, ನನ್ನ ವರದಿಯಲ್ಲಿ ಮಾತ್ರ ಶಾಂತಿ ನೆಲೆಸಿರುತ್ತಿತ್ತು.

ಸಹಿ ನಾಳೆಗಿರಲಿ, ಆ ಹೆಂಗಸರೂ ಬರಲಿ ಎಂದೆ. ಸಂಸ್ಥೆಯವರ ಮುಖ ಸಣ್ಣದಾಯಿತು. ಹೊರಗೆ ಅಮೀನಾ ನನ್ನ ಕೈ ಹಿಡಿದು, “ಗಂಡಸರಿಗೆ ಸಿಟ್ಟು ಬಂದಿದೆ. ನಾಳೆ ಬರದಿದ್ದರೆ ಮೂರು ದಿನದ್ದು ನೀರಿಗೆ ಹೋಯಿತು” ಎಂದಳು. ಅವಳ ಹೆದರಿಕೆ ನನಗೂ ಇತ್ತು.

ನಾಲ್ಕನೆಯ ದಿನ

ಬಂದರು. ಗಂಡಸರು ತಡವಾಗಿ ಬಂದರು, ಗೋಡೆಗೆ ಒರಗಿ ಕೂತರು. ಹೆಂಗಸರು ಮಾತ್ರ ಹೇಳಿದ ಹೊತ್ತಿಗೆ ಬಂದಿದ್ದರು, ಹೆಗಲ ಮೇಲೆ ಖಾಲಿ ಗೋಣಿಚೀಲ ಸಮೇತ. ಮಾತು ಮುಗಿದ ಕೂಡಲೇ ಕೆಲಸಕ್ಕೆ ಹೋಗಬೇಕಲ್ಲ. ತಲೆಗೆ ಬಟ್ಟೆ ಕಟ್ಟಿದವರು, ಕೊರಳಲ್ಲಿ ಶಿಲುಬೆ ಇದ್ದವರು ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತರು. ಗಂಡಸರಂತೆ ಆ ಕಡೆ ಈ ಕಡೆ ಎಂದು ಕೂರಬೇಕೆಂದು ಅವರಿಗೆ ಹೊಳೆದಂತೆಯೇ ಇರಲಿಲ್ಲ.

ಮನಾಂಗ್ ಲೂಸ್ ಅವರ ತಂಗಿ ನೀಲಿ ಟೋಪಿಯವರ ಕಡೆಗೆ ತಿರುಗಿದಳು. ಅವರು ಅವಳ ಗಂಡನ ಅಣ್ಣ. “ಎರಡು ವರ್ಷ ನೀವ್ಯಾರೂ ಆ ಕಡೆ ತಲೆ ಹಾಕಲಿಲ್ಲ, ನಮಗೆ ನೆಮ್ಮದಿಯಾಗಿತ್ತು” ಎಂದಳು. “ಬರೋ ಹಾಗಿದ್ರೆ ಬನ್ನಿ. ಮಚ್ಚು ಮನೇಲಿಟ್ಟು ಬನ್ನಿ. ಮೂಟೆ ಹೊರೋದಿದೆ.”

ಮೊದಲು ನಕ್ಕವಳು ಅಮೀನಾ. ಅವಳು ಆ ಮಾತನ್ನು ದಾಟಿಸುವ ಮೊದಲೇ ಇಡೀ ಕೋಣೆ ನಕ್ಕಿತ್ತು. ನೀಲಿ ಟೋಪಿಯವರು ಟೋಪಿ ತೆಗೆದು ಮುಖಕ್ಕೆ ಗಾಳಿ ಹಾಕಿಕೊಂಡರು.

ಜಗಳ ಬಗೆಹರಿಯಿತು ಎಂದು ಹೇಳಲಾರೆ. ಬಿದ್ದ ಕಾಯಿ ಹೆಂಗಸರದು, ಬೇಲಿ ಬೇಡ, ಮರದ ಮೇಲಿನದರ ಮಾತನ್ನು ಮುಂದಿನ ಕೊಯ್ಲಾದ ಮೇಲೆ ಅವರನ್ನೂ ಕೂರಿಸಿಕೊಂಡು ಆಡೋಣ ಎಂದಷ್ಟೇ ಕಾಗದದಲ್ಲಿ ಬರೆದರು. ಫೋಟೋದಲ್ಲಿ ಇಪ್ಪತ್ತೈದು ಜನ ಹಿಡಿಸಲಿಲ್ಲ, ತೆಗೆಯುವವರು ಹಿಂದೆ ಹಿಂದೆ ಹೋಗಿ ಚರಂಡಿಗೆ ಕಾಲಿಟ್ಟರು. ನನಗೆ ತುಂಬ ಸಮಾಧಾನವಾಗಿತ್ತು.

ಹೊರಡುವ ಮೊದಲು ಅಡುಗೆಮನೆಗೆ ಹೋದೆ. ತಗಡಿನದೋ ಗರಿಯದೋ ಆ ಸೂರಿನ ಕೆಳಗೆ ಮನಾಂಗ್ ಲೂಸ್ ಕಾಯಿ ತುರಿಯುತ್ತಿದ್ದರು. ನಮ್ಮ ತುರಿಮಣೆಯಂಥದೇ ಮಣೆ, ಅದೇ ಹಲ್ಲಿನ ಅಲಗು. ನಾನೂ ಕೂತು ಒಂದು ಹೋಳು ತುರಿದೆ. ಕಪ್ಪು ಬರುವವರೆಗೆ ತುರಿಯುತ್ತೀಯಲ್ಲ ಎಂದು ಬೈದರು. ಅಮೀನಾ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಥ್ಯಾಂಕ್ಸ್ ಹೇಳಿದೆ. ಅವರು ಹುಬ್ಬೇರಿಸಿದರು. ಆಮೇಲೆ ತುರಿಯುವುದನ್ನು ನಿಲ್ಲಿಸದೆ ಕೇಳಿದರು:

“ನಿಮ್ಮ ಮನೆ ಮರದ ಕಥೆ ಹೇಳಿದ್ರಲ್ಲ. ನಿಮ್ಮಜ್ಜಿ ಹಾಗೆ ಹೇಳೋಕೆ ಮುಂಚೆ, ಗಂಡಸರು ಜಗಳ ಆಡ್ತಿದ್ದಾಗ, ಬಿದ್ದ ಕಾಯಿ ಯಾರು ಆಯ್ಕೊಳ್ತಿದ್ರು?”

ನನಗೆ ಗೊತ್ತಿರಲಿಲ್ಲ. ಅಷ್ಟು ಊರುಗಳಲ್ಲಿ, ಅಷ್ಟು ಸಲ ಹೇಳಿದ ಕಥೆ. ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಊರಿಗೆ ಬರುವ ದಾರಿಯಲ್ಲಿ ಒಂದು ಚಿತ್ರ ಕಣ್ಣ ಮುಂದೆ ಬಂತು. ಬೆಳಗಿನ ಹೊತ್ತು, ಅತ್ತೆ ಇನ್ನೂ ಚಿಕ್ಕವರು, ಸೀರೆಯ ಮಡಿಲಲ್ಲಿ ಎರಡು ಕಾಯಿ ಇಟ್ಟುಕೊಂಡು ಬದುವಿನ ಮೇಲೆ ಬೇಗ ಬೇಗ ನಡೆದು ಬರುತ್ತಿದ್ದಾರೆ. ಬಹಳ ಸ್ಪಷ್ಟವಾಗಿದೆ. ಅದಕ್ಕೇ ನಂಬಲು ಹೆದರಿಕೆ. ಬೇಕಾದ ಹೊತ್ತಿಗೆ ಸರಿಯಾಗಿ ಬಂದ ನೆನಪು ಅದು.

ಶೆಟ್ಟಿಕೆರೆ

ಅತ್ತೆ ಹಿತ್ತಲಲ್ಲಿ ಗರಿ ಹೆರೆಯುತ್ತ ಕೂತಿದ್ದರು. ಹೆರೆದ ಕಡ್ಡಿ ಒಂದು ಕಡೆ, ಸಿಬಿರು ಇನ್ನೊಂದು ಕಡೆ. ಎದುರಿಗೆ ಕಲ್ಲಿನ ಮೇಲೆ ಕೂತು ಮೊದಲು ಕೊಬ್ಬರಿಯ ನಿಜ ಹೇಳಿದೆ.

“ಅಯ್, ಕಿತ್ಕಂಡ್ರಾ?” ಅತ್ತೆ ಕತ್ತಿ ಕೆಳಗಿಟ್ಟು ನಕ್ಕರು. “ಬೆಂಕಿ ಹತ್ತದಂತಾ? ಆ ಪೋಲೀಸ್ನೋನೇ ತಿಂದಿರ್ತಾನೆ ಬುಡು. ಅವನ್ಗೂ ಹೆಂಡ್ರು ಮಕ್ಳು ಇರ್ತಾರೆ. ಮತ್ತೆ ಚೆನ್ನಾಗದೆ ಅಂದ್ರು ಅಂತ ಯಾಕ್ ಬೊಗಳ್ದೆ?”

“ನಿಂಗೆ ಬೇಜಾರಾಗತ್ತೆ ಅಂತ.”

“ಬೇಜಾರು ಮಾಡ್ಬಾರ್ದು ಅಂತ ಸುಳ್ ಹೇಳದಾ? ಊರೋರ್ಗೆ ಅದೇನ್ ಹೇಳ್ಕೊಡ್ತೀಯೋ ಕಾಣೆ.”

ಆಮೇಲೆ ಹಳ್ಳದ ಕಥೆ ಹೇಳಿದೆ. ಒಂಬತ್ತು ಹೆಂಗಸರು, ಗೋಣಿಚೀಲ, ಬೇಲಿ, ಮನಾಂಗ್ ಲೂಸ್ ಎಲ್ಲವನ್ನೂ. ಅತ್ತೆ ಕಡ್ಡಿ ಹೆರೆಯುತ್ತ ಹೂಂಗುಟ್ಟಿದರು. ಮೂಟೆ ಹೊರುವ ಮಾತಿಗೆ ಜೋರಾಗಿ ನಕ್ಕು, “ಗಟ್ಟಿಗಿತ್ತಿ ಕಣೇ” ಎಂದರು. ಅದು ಅಕ್ಕನಿಗೋ ತಂಗಿಗೋ ನಾನು ಕೇಳಲಿಲ್ಲ.

ಮನಾಂಗ್ ಲೂಸ್ ನನ್ನನ್ನು ಕೇಳಿದ್ದನ್ನು ಆಮೇಲೆ ಅತ್ತೆಯನ್ನು ಕೇಳಿದೆ. ಇಂಥ ಪ್ರಶ್ನೆ ಕೇಳುವುದು ಹೇಗೆಂದು ಊರೂರಿಗೆ ಹೋಗಿ ಕಲಿಸುವವಳು ನಾನು. ಆದರೂ ಕೇಳುವ ಮೊದಲು ಬಿದ್ದಿದ್ದ ಸಿಬಿರನ್ನೆಲ್ಲ ಕೈಯಲ್ಲಿ ಒಟ್ಟು ಮಾಡಿದೆ.

“ಅತ್ತೆ, ಬದಿನ ಮೇಲಿನ ಮರ ಇತ್ತಲ್ಲ. ಅಜ್ಜಿ ಅಂಗಂದಿದ್ದುಕ್ಕೆ ಮುಂಚೆ ಅದ್ರ ಕಾಯಿ ಬಿದ್ರೆ ಯಾರು ಆಯ್ಕೊತಿದ್ರು?”

ಕತ್ತಿ ನಿಂತಿತು. ಅತ್ತೆ ಕೈಯಲ್ಲಿದ್ದ ಕಡ್ಡಿಯನ್ನು ತಿರುಗಿಸಿ ನೋಡಿದರು. ಅದರಲ್ಲಿ ಹೆರೆಯಲು ಏನೂ ಉಳಿದಿರಲಿಲ್ಲ. ಅದನ್ನು ಕಂತೆಗೆ ಸೇರಿಸಿ, ಇನ್ನೊಂದು ಗರಿ ಎಳೆದುಕೊಂಡರು.

“ಬಸ್ಸು ಎಷ್ಟೊತ್ತಿಗೆ ನಿಂದು?”

“ಐದೂವರೆಗೆ.”

“ಕಾಪಿ ಕುಡ್ಕಂಡ್ ಹೋಗುವಂತೆ ಇರು.”

ಒಳಗೆ ಹೋದವರು ಕಾಫಿಯ ಜೊತೆ ನಾಲ್ಕು ಕೊಬ್ಬರಿಯನ್ನೂ ತಂದರು. ದೊಡ್ಡ ಪೆಟ್ಟಿಗೆಗೆ ಹಾಕಿಕೋ ಎಂದರು. ಒಂದು ಕಡ್ಡಿ ಪೊರಕೆಯನ್ನೂ ಕೊಟ್ಟರು, ಅದು ಈಗ ನಮ್ಮ ಅಂಗಳ ಗುಡಿಸುತ್ತದೆ.

ಆಮೇಲೆ ಎರಡು ಕೊಯ್ಲಾಗಿವೆ. ಶೆಟ್ಟಿಕೆರೆಗೆ ಹಲವು ಸಲ ಹೋಗಿಬಂದಿದ್ದೇನೆ. ಅತ್ತೆ ಎಂದಿನಂತೆ ಬೈಯುತ್ತಾರೆ, ನಗುತ್ತಾರೆ, ಚೀಲ ತುಂಬಿಸಿ ಕಳಿಸುತ್ತಾರೆ. ನಾನು ಮತ್ತೆ ಕೇಳಿಲ್ಲ. ತರಬೇತಿಯಲ್ಲಿ ಬದುವಿನ ಮರದ ಕಥೆಯನ್ನು ಈಗಲೂ ಹೇಳುತ್ತೇನೆ. ಅಣ್ಣತಮ್ಮ ಒಂದೇ ಪಂಕ್ತಿಯಲ್ಲಿ ಉಂಡರು ಎಂಬಲ್ಲಿಗೆ ಮುಗಿಸುವುದಿಲ್ಲ. ಹಿತ್ತಲಲ್ಲಿ ಕೂತು ಅತ್ತೆಯನ್ನು ಏನು ಕೇಳಿದೆನೆಂದು ಹೇಳಿ ಸುಮ್ಮನಾಗುತ್ತೇನೆ. ಯಾರಾದರೂ ಒಬ್ಬರು, ಸಾಮಾನ್ಯವಾಗಿ ಹಿಂದಿನ ಸಾಲಿನ ಹೆಂಗಸೊಬ್ಬರು, ನಿಮ್ಮತ್ತೆ ಏನಂದರು ಎನ್ನುತ್ತಾರೆ.

ಕೇಳಿದ್ದೇನೆ, ಅವರು ಇನ್ನೂ ಹೇಳಿಲ್ಲ ಎನ್ನುತ್ತೇನೆ.